ಬೆರಳು ಒತ್ತಿತು, ಪುಟ ಓದಲಿಲ್ಲ

ರೂಪೇಶನ ಮಾತೆಂದರೆ ಚಂದನಾಗೆ ಹೇಸಿಗೆ. ಹಳಸಿದ ಸಾರಿಗೆ ಮತ್ತೆ ಒಗ್ಗರಣೆ ಹಾಕಿ ಬಡಿಸುವ ಮನುಷ್ಯ ಅವನು. ಕಾರವಾರದ ಹಬ್ಬುವಾಡದಲ್ಲಿ, ಒಂದು ಮನೆಯ ಮಹಡಿಯ ಮೇಲೆ ಅವನ ಕಂಪನಿ. ಅಲ್ಲಿ ತಯಾರಾಗುವುದು ‘ಬೆರಳು’ ಎಂಬ ಸಾಧನ. ಹೇಳಿದ ಕೆಲಸವನ್ನು ಕಂಪ್ಯೂಟರಿನಲ್ಲಿ ತಾನೇ ಮಾಡುವ ಎಐ ಏಜೆಂಟಿಗೆ ಸ್ವಂತ ಕೈ ಇಲ್ಲವಲ್ಲ. ಅದರ ಪರವಾಗಿ ಬ್ರೌಸರ್ ತೆರೆದು, ಖಾಲಿ ಜಾಗ ತುಂಬಿ, ಗುಂಡಿ ಒತ್ತುವುದು ಈ ಬೆರಳು. ಅದನ್ನು ಹೇಗೆ ಬಳಸಬೇಕೆಂದು ಏಜೆಂಟಿಗೆ ತಿಳಿಯುವಂತೆ ಕೈಪಿಡಿ ಬರೆಯುವವಳು ಚಂದನಾ. ಏಜೆಂಟ್ ನಂಬುವುದು ಆ ಕೈಪಿಡಿಯನ್ನೇ. ಅದರಲ್ಲಿ ಇದ್ದದ್ದು ವೇದ, ಇಲ್ಲದ್ದು ಲೋಕದಲ್ಲೇ ಇಲ್ಲ.

ಅವಳು ಬರೆದಿದ್ದು ಸರಿಯಾಗಿಯೇ ಇತ್ತು: “ಕ್ಲಿಕ್ ಮಾಡಿದ ಮೇಲೆ ‘ಸಕ್ಸೆಸ್’ ಎಂದು ಬಂದರೆ ಗುಂಡಿ ಒತ್ತಿಯಾಯಿತು ಎಂದಷ್ಟೇ ಅರ್ಥ, ಕೆಲಸ ಆಯಿತೆಂದಲ್ಲ. ಪುಟವನ್ನು ಮತ್ತೊಮ್ಮೆ ಓದು. ಅರ್ಜಿ ಸಂಖ್ಯೆ ಕಂಡರೆ ಮಾತ್ರ ಸಲ್ಲಿಕೆಯಾಗಿದೆ ಎಂದು ಹೇಳು.”

ರೂಪೇಶ ಅದನ್ನು ಅಳಿಸಿದ. ಕೊಳ್ಳಲು ಬರುವವರು ಕೈಪಿಡಿಯನ್ನೂ ನೋಡುತ್ತಾರಂತೆ, ನಮ್ಮ ಹುಳುಕನ್ನು ನಾವೇ ಎತ್ತಿ ತೋರಿಸಿದಂತಾಗುತ್ತದಂತೆ. ಆ ಜಾಗದಲ್ಲಿ ತಾನೇ ಬರೆದ: “ಬೆರಳು ಮನುಷ್ಯನಂತೆ ಯೋಚಿಸಿ ಪ್ರತಿ ಕೆಲಸವನ್ನೂ ಕ್ಷಣಾರ್ಧದಲ್ಲಿ ಮುಗಿಸುತ್ತದೆ.” ಥೂ, ಓದಿದವರ ಕಣ್ಣಿಗೂ ಜಿಡ್ಡು ಅಂಟಬೇಕು.

“ಏಜೆಂಟಿಗೆ ಹೊಗಳಿಕೆ ಕಟ್ಕಂಡು ಎಂತ ಮಾಡುದು ರೂಪೇಶಣ್ಣ? ಎಲ್ಲಿ ಎಡವ್ತದೆ ಅಂತೇಳಿ ಹೇಳ್ಬೇಕು ಅದಕ್ಕೆ” ಎಂದಳು.

“ನಿಮ್ಮ ಮನೆಯವ್ರು ಬಂಗಡೆ ಮಾರುವಾಗ ಇದು ನಿನ್ನೆದು ಅಂತೇಳಿ ಕೂಗ್ತಾರಾ?” ಎಂದು ಅವನು ನಕ್ಕ. ಅವನೂ ಮೀನುಗಾರರ ಮನೆಯವನೇ. ಚಂದನಾ ಅವನ ಸಾಲನ್ನು ಹಾಗೇ ಬಿಟ್ಟಳು.

ಸಾಧನದ ಮೊದಲ ಪ್ರಯೋಗ ಊರಿನವರ ಮೇಲೆಯೇ ನಡೆಯಿತು. ಅಂಕೋಲೆಯಲ್ಲಿ ಹೊಸ ಮೀನುಪೇಟೆ ಎದ್ದಿತ್ತು. ಅಲ್ಲಿ ಕೂತು ಮಾರಲು ಕಟ್ಟೆ ಬೇಕಾದವರು ಹದಿನೈದನೇ ತಾರೀಖಿನೊಳಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು. ಚಂದನಾಳ ತಾಯಿಯ ತಂಗಿ, ಹೀರಾ ಮೌಶಿ, ಹಳೆಯ ಪೇಟೆಯ ಮೂಲೆಯಲ್ಲಿ ಮೂವತ್ತು ವರ್ಷ ಬುಟ್ಟಿ ಇಟ್ಟವಳು. ಆ ಪೇಟೆಯನ್ನು ಕೆಡವಿಯಾಗಿತ್ತು. ಕಟ್ಟೆ ಸಿಗದಿದ್ದರೆ ಬೀದಿಯೇ ಗತಿ. ಅವಳೂ ಜೊತೆಯ ಹನ್ನೊಂದು ಹೆಂಗಸರೂ ಹಬ್ಬುವಾಡಕ್ಕೆ ಬಂದು ಹೆಸರು, ಆಧಾರ್ ಕೊಟ್ಟರು. ಏಜೆಂಟ್ ಚಕಚಕನೆ ಕೆಲಸ ಮುಗಿಸಿತು. ಪರದೆಯ ಮೇಲೆ ‘ಸಕ್ಸೆಸ್’ ಎಂದು ಹನ್ನೆರಡು ಹಸಿರು ಗುರುತು ಮೂಡಿದವು. ಚಂದನಾ ಅವನ್ನು ನೋಡಿ, “ಆಯ್ತು ಮೌಶಿ, ಹೋಗು” ಎಂದಳು.

ಬೇರೆಯವರಾಗಿದ್ದರೆ ಅರ್ಜಿ ಹಾಕಿದ್ದಕ್ಕೆ ಚೀಟಿ ಕೇಳುತ್ತಿದ್ದರು. ಈ ಹೆಂಗಸರು ಕೇಳುವವರಲ್ಲ. ಬಂದರದ ಲಿಲಾವಿನಲ್ಲಿ, ಹರಾಜು ಕೂಗುವಾಗ, ಮೀನಿನ ರಾಶಿ ತೋರಿಸಿ ಒಮ್ಮೆ ಆಯ್ತು ಎಂದರೆ ಮುಗಿಯಿತು. ಆಮೇಲೆ ಸಮುದ್ರವೇ ಮಗುಚಿದರೂ ರಾಶಿ ಕೊಂಡವಳದೇ. ಮಾತು ಕೊಟ್ಟವರ ಹತ್ತಿರ ಚೀಟಿ ಕೇಳುವುದೆಂದರೆ ಅವರ ಮುಖಕ್ಕೆ ಉಗಿದ ಹಾಗೆ. ಎಲ್ಲರೂ ನೆಮ್ಮದಿಯಿಂದ ಅಂಕೋಲೆಯ ಬಸ್ಸು ಹತ್ತಿದರು.

ಇಪ್ಪತ್ತನೇ ತಾರೀಖು ಕಟ್ಟೆ ಸಿಕ್ಕವರ ಪಟ್ಟಿ ಗೋಡೆಗೆ ಅಂಟಿತು. ಹನ್ನೆರಡರಲ್ಲಿ ಒಂದು ಹೆಸರೂ ಅದರಲ್ಲಿರಲಿಲ್ಲ. ಚಂದನಾ ಏಜೆಂಟಿನ ದಾಖಲೆ ತೆರೆದು ನೋಡಿದಳು. ಬೆರಳು ಗುಂಡಿ ಒತ್ತಿದ್ದು ನಿಜ. ಒತ್ತಿದ ಕೂಡಲೇ ಪುಟ ಇನ್ನೊಂದು ಚೌಕ ತೆರೆದು “ಖಚಿತವೇ?” ಎಂದು ಕೇಳಿತ್ತು. ಅದನ್ನು ಓದು ಎಂದು ಏಜೆಂಟಿಗೆ ಹೇಳಿದವರಿಲ್ಲ. ಸಕ್ಸೆಸ್ ಬಂತೆಂದು ಅದು ಮುಂದಿನ ಹೆಸರಿಗೆ ಹೋಗಿತ್ತು. ಹೀಗೆ ಹನ್ನೆರಡು ಸಲ.

ರೂಪೇಶ ಚಹಾದಲ್ಲಿ ಬಿಸ್ಕತ್ತು ಅದ್ದುತ್ತ ಎಲ್ಲ ಕೇಳಿದ. “ವೆಬ್‌ಸೈಟೇ ಸರಿ ಇಲ್ಲ ಅಂದ್ಬಿಡು. ಅವ್ರಿಗೆಂತ ಗೊತ್ತಾಗುದು?” ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. “ಮತ್ತೆ ಕೈಪಿಡೀಲಿ ಒಂದು ಸಾಲು ಹಾಕು, ಪರೀಕ್ಷೆ ಮಾಡ್ಕಳ್ಳುದು ಬಳಸುವವ್ರ ಜವಾಬ್ದಾರಿ ಅಂತೇಳಿ.”

“ನಿಮ್ಮನ್ನ ಹೆತ್ತ ಆಯಿಗೂ ಹಿಂಗೇ ಹೇಳ್ತಿದ್ರಾ?”

“ಆಯಿ ಈಗ ಪೇಟೇಲಿ ಕೂರುದಿಲ್ಲಲ್ಲ.”

ನೆನೆದ ಬಿಸ್ಕತ್ತಿನ ಚೂರು ಅವನ ತುಟಿಗೆ ಅಂಟಿತ್ತು. ಅದನ್ನು ನೋಡಲಾಗದೆ ಚಂದನಾ ಚೀಲ ಎತ್ತಿಕೊಂಡು ಹೊರಬಿದ್ದಳು.

ಅಂಕೋಲೆಯಲ್ಲಿ ಹೊಸ ಪೇಟೆಯ ಹೊರಗೆ, ಗಟಾರದ ಬದಿಯಲ್ಲಿ ಹನ್ನೆರಡು ಬುಟ್ಟಿಗಳು ಸಾಲಾಗಿದ್ದವು. ಗಟಾರದ ನೊಣ ಎದ್ದು ಮೀನಿನ ಮೇಲೆ ಕೂರುತ್ತಿತ್ತು. ಗಿರಾಕಿಗಳು ಮೂಗು ಮುಚ್ಚಿಕೊಂಡು ಒಳಗಿನ ಕಟ್ಟೆಗಳ ಕಡೆ ನಡೆಯುತ್ತಿದ್ದರು. ಚಂದನಾ ಮೌಶಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಚೌಕದ ಕತೆ, ಅಳಿಸಿದ ಸಾಲಿನ ಕತೆ ಎಲ್ಲ ಹೇಳಿದಳು. “ಎಂಥಾ ಹೊಲಸು ಮನ್ಷ ನೋಡು ಮೌಶಿ. ನಾ ಬರೆದಿದ್ದೆ, ಅವ್ನೇ ಅಳಿಸ್ದ.”

ಹೀರಾ ನೊಣ ಓಡಿಸುತ್ತ ಕೇಳಿದಳು. “ಅಳಿಸಿದ್ದು ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಆ ಹಸಿರು ಗುರ್ತು ನಂಬುವಂಥದ್ದಲ್ಲ ಅಂತ?”

ಚಂದನಾ ಹೌದೆಂದು ತಲೆಯಾಡಿಸಿದಳು.

“ಆ ದಿವ್ಸ ನಾ ಮಿಷನ್ ನೋಡ್ಲಿಲ್ಲ ಮಗಾ. ಅದ್ರ ಭಾಷೆ ನಂಗೆಲ್ಲಿ ಬರ್ಬೇಕು. ನಾ ನಿನ್ನ ಮುಖ ನೋಡ್ದೆ.”

ಬೆಳಗಿನಿಂದ ರೂಪೇಶನ ಮೇಲಿದ್ದ ಹೇಸಿಗೆಯೆಲ್ಲ ಈಗ ಚಂದನಾಳ ಮೇಲೆಯೇ ತಿರುಗಿತು. ಉಗಿಯಲು ಬೇರೆ ಯಾರೂ ಉಳಿದಿರಲಿಲ್ಲ.

ಸಾಲಿನ ಆ ತುದಿಯಲ್ಲಿ ಬುಟ್ಟಿ ಇಟ್ಟು ಕೂತಿದ್ದ ಸುಮಲತಾ ಕೂಗಿ ಕೇಳಿದಳು, “ಹೀರಾ, ನಮ್ಮ ಅರ್ಜಿ ಎಂತಾಯ್ತಂತೆ? ಪಟ್ಟಿ ಇನ್ನೊಂದು ಬತ್ತದಾ?”

“ಇವ್ಳೇ ಬಂದಾಳೆ” ಎಂದಳು ಹೀರಾ. “ಇವ್ಳ ಬಾಯಲ್ಲೇ ಕೇಳಿ.”

ಹನ್ನೊಂದು ಮುಖಗಳು ಚಂದನಾಳತ್ತ ತಿರುಗಿದವು.