ಬಿಸಿನೀರು ಕಂಡ ಇದ್ದಿಲು

ಗುಂಡ್ಲುಪೇಟೆಯ ಬೆಲ್ಲದ ಮಂಡಿ ಚಿಕ್ಕಮಲ್ಲಪ್ಪನ ನಾಲಗೆ ಅಂದರೆ ನಾಲಗೆ. ಅಚ್ಚಿನ ಮೂಲೆ ಮುರಿದು ಬಾಯಿಗೆ ಹಾಕಿಕೊಂಡರೆ ಸಾಕು, ಕಬ್ಬು ಯಾವ ಊರಿನದು, ಪಾಕ ಎಲ್ಲಿ ಹದ ತಪ್ಪಿತು ಎಂದು ಹೇಳಿಬಿಡುವ. ಬಾಯಿಗೆ ಹಾಕದೆ ಅವನು ಯಾವುದನ್ನೂ ನಂಬಿದವನಲ್ಲ. ಮಗಳು ಪುಟ್ಟಬಸಮ್ಮ ಚಾಮರಾಜನಗರದ ಸೋದರತ್ತೆ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಮುಗಿಸಿ, ಮೈಸೂರಿಗೆ ಹೋಗಿ ಇಂಟರ್‌ಮೀಡಿಯೆಟ್ ಓದುತ್ತೇನೆ ಎಂದಾಗಲೂ ಅವನು ಆಡಿದ್ದು ಮಂಡಿಯ ಮಾತನ್ನೇ.

"ಅದೇನೋ ಸೈನ್ಸು ಕಲ್ತಿವ್ನಿ ಅಂತೀಯಲ್ಲ, ತೋರ್ಸು ಕಣಮ್ಮಿ. ನನ್ ಮನಸ್ಗೆ ಹತ್ತುದ್ರೆ ಮೈಸೂರು. ಇಲ್ದಿದ್ರೆ ಹರವೆಯೋರು ಕಾಯ್ತಾವ್ರೆ, ಬಂದು ಹೆಣ್ಣು ನೋಡ್ಕೊಂಡೋಗ್ಲಿ ಅಂತ ಹೇಳ್ಕಳುಸ್ತೀನಿ."

ಪುಟ್ಟಬಸಮ್ಮ ಅಳುತ್ತ ಕೂರುವ ಹುಡುಗಿಯಲ್ಲ. ನೇರ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದಳು, ಸೈನ್ಸಿನ ನಾಗಯ್ಯ ಮೇಷ್ಟ್ರ ಮುಂದೆ ನಿಂತಳು. ಮೊಳಕೆ ರಾಗಿಯನ್ನು ಅರೆದು ಸೋಸಿದ ನೀರು ಗಂಜಿಗೆ ಬಿದ್ದರೆ ಗಂಜಿ ತೆಳ್ಳಗಾಗುತ್ತದೆ, ಸಿಹಿಯಾಗುತ್ತದೆ ಎಂದು ಮೇಷ್ಟ್ರು ಕ್ಲಾಸಿನಲ್ಲೇ ತೋರಿಸಿದ್ದರು. ಅದನ್ನು ಮಾಡುವುದು ಮೊಳಕೆಯೊಳಗಿನ ಕಿಣ್ವ. ಗಂಜಿಯನ್ನು ಸಿಹಿ ಮಾಡುತ್ತದೆ, ತಾನು ಮಾತ್ರ ಖರ್ಚಾಗುವುದಿಲ್ಲ. ಆದರೆ ಬಲು ನಾಜೂಕು. ಬಿಸಿ ಸ್ವಲ್ಪ ಮಿತಿಮೀರಿದರೂ ಸತ್ತುಹೋಗುತ್ತದೆ.

"ಅದನ್ನ ಯಾವುದಾದರೂ ಗಟ್ಟಿ ಪದಾರ್ಥಕ್ಕೆ ಅಂಟಿಸಿಟ್ಟರೆ ಬಾಳಿಕೆ ಬರುತ್ತದಂತೆ. ಜರ್ಮನಿಯಲ್ಲಿ ಯಾರೋ ಈಗ ಮಾಡಿದ್ದಾರಂತೆ, ಓದಿದೆ," ಎಂದರು ಮೇಷ್ಟ್ರು. ಜರ್ಮನಿಯ ಸಾಮಾನು ಚಾಮರಾಜನಗರಕ್ಕೆ ಎಲ್ಲಿಂದ ಬರಬೇಕು! ಇಬ್ಬರೂ ಸೇರಿ ಇದ್ದಿಲು ಕುಟ್ಟಿ, ಮೊಳಕೆ ನೀರಿನಲ್ಲಿ ನೆನೆಸಿ, ಅಂಟದೆ ಉಳಿದದ್ದೆಲ್ಲ ಹೋಗುವಂತೆ ಮತ್ತೆ ಮತ್ತೆ ತೊಳೆದರು. ಆ ಇದ್ದಿಲನ್ನು ಗಾಜಿನ ಕೊಳವೆಗೆ ತುಂಬಿ ತುದಿಗೆ ಹತ್ತಿ ತುರುಕಿದರು. ಮೇಷ್ಟ್ರಿಗೇ ಧೈರ್ಯ ಸಾಲದೆ, "ಇದು ಕೈಕೊಟ್ಟರೆ ಇದಾದರೂ ಇರಲಿ," ಎಂದು ಬರೀ ಮೊಳಕೆ ನೀರಿನ ಸೀಸೆಯೊಂದನ್ನೂ ಕೊಟ್ಟರು. ಪುಟ್ಟಬಸಮ್ಮನ ನಂಬಿಕೆಯೆಲ್ಲ ಆ ಸೀಸೆಯ ಮೇಲೆಯೇ ಇತ್ತು.

ಮನೆಗೆ ಬಂದವಳು ಎರಡನ್ನೂ ಜಗಲಿಯ ಮೇಲಿಟ್ಟು ಗಂಜಿಗೆ ಅಕ್ಕಿ ತೊಳೆಯಲು ಹಿತ್ತಲಿಗೆ ಹೋದಳು. ಅಷ್ಟೇ ಅವಳು ಮಾಡಿದ ತಪ್ಪು. ಅಜ್ಜಿ ಶಿವರುದ್ರಮ್ಮನದು ಒಂದು ಕಟ್ಟಳೆ: ಹೊರಗಿನಿಂದ ಬಂದ ಪಾತ್ರೆ ಪಡಗ ಏನೇ ಇರಲಿ, ಬಿಸಿನೀರು ಕಾಣದೆ ಲಿಂಗಪೂಜೆಯ ಮನೆಯ ಹೊಸಿಲು ದಾಟಕೂಡದು. ಪುಟ್ಟಬಸಮ್ಮ ತಿರುಗಿ ಬರುವ ಹೊತ್ತಿಗೆ ಕೊಳವೆ, ಸೀಸೆ ಎರಡೂ ಬಚ್ಚಲ ಹಂಡೆಯೊಳಗೆ ಮುಳುಗಿ ಕೂತಿದ್ದವು. ಕೈ ಅದ್ದಿದರೆ ಚುರುಕ್ ಎನ್ನುವ ನೀರು!

"ಅಜ್ಜೀ! ಏನ್ ಮಾಡ್ಬುಟ್ಟೆ ನೀನು!"

"ಯಾಕಮ್ಮಿ ಹಂಗೆ ಕಿರುಚ್ಕತೀಯ? ಯಾರ್ಯಾರ್ ಮುಟ್ಟಿದ್ ಗಾಜೋ ಏನೋ. ಚೆಂದಾಗಿ ಕಾಯ್ಲಿ ಅಂತ ಬುಟ್ಟಿವ್ನಿ," ಎಂದಳು ಅಜ್ಜಿ, ಮೊಮ್ಮಗಳಿಗೆ ದೊಡ್ಡ ಉಪಕಾರ ಮಾಡಿದವಳ ಹಾಗೆ.

ಪುಟ್ಟಬಸಮ್ಮ ಎರಡನ್ನೂ ಹಂಡೆಯಿಂದ ಎತ್ತಿದಳು. ಮತ್ತೆ ಹೋಗಿ ತರೋಣವೆಂದರೆ ಅಪ್ಪ ಆಗಲೇ ಮಂಡಿ ಬಾಗಿಲು ಹಾಕಿಕೊಂಡು ಬಂದು ನಡುಮನೆಯ ಮಣೆಯ ಮೇಲೆ ಕೂತಿದ್ದ. ಒಂದು ದಿನ ಮುಂದೂಡಿದರೆ ಹರವೆಗೆ ಆಳು ಹೊರಟಂತೆಯೇ ಲೆಕ್ಕ. ಗಂಜಿ ಕಾಯಿಸಿ ಆರಿಸಿದಳು. ಅರ್ಧ ಗಂಜಿಗೆ ಸೀಸೆಯ ನೀರು ಬೆರೆಸಿದಳು. ಕಾದರು. ಗಂಜಿ ಗಂಜಿಯಾಗಿಯೇ ಇತ್ತು. ಚಿಕ್ಕಮಲ್ಲಪ್ಪ ಬೆರಳಿನಲ್ಲಿ ನೆಕ್ಕಿ ನೋಡಿ, "ಸಪ್ಪೆ," ಎಂದು ಏಳಲು ಹೊರಟ.

"ಅಪ್ಪಾಜಿ, ಇನ್ನೊಂದೈತೆ, ಕೂತ್ಕಳಿ," ಎಂದಳು. ಅದರ ಮೇಲೂ ಅವಳಿಗೆ ಆಸೆಯಿರಲಿಲ್ಲ. ಬೆಂದು ಸತ್ತದ್ದು ಎರಡು ಕಡೆಯೂ ಸತ್ತಿರುತ್ತದಲ್ಲ! ಆದರೂ ಉಳಿದ ಗಂಜಿಯ ತಿಳಿಯನ್ನು ಕೊಳವೆಗೆ ಹೊಯ್ದಳು. ತೊಟ್ಟು ತೊಟ್ಟಾಗಿ ಲೋಟಕ್ಕೆ ಇಳಿದದ್ದು ಸಪ್ಪೆ ಸಪ್ಪೆಯೇ. ಕಣ್ಣಲ್ಲಿ ನೀರು ಬಂತು. ಹಟಕ್ಕೆ ಬಿದ್ದು ಅದನ್ನೇ ಮತ್ತೆ ಮೇಲಿಂದ ಸುರಿದಳು, ಇಳಿದದ್ದನ್ನು ಮತ್ತೊಮ್ಮೆ ಸುರಿದಳು. ಆಮೇಲೆ ಒಂದು ತೊಟ್ಟನ್ನು ಸುಮ್ಮನೆ ನಾಲಗೆಗೆ ಇಟ್ಟುಕೊಂಡಳು.

ತೆಳ್ಳನೆಯ ಸಿಹಿ! ಲೋಟವನ್ನು ಅಪ್ಪನ ಮುಂದೆ ಹಿಡಿದಳು.

ಚಿಕ್ಕಮಲ್ಲಪ್ಪ ಬಾಯಿಗೆ ಹಾಕಿಕೊಂಡ. ಕಣ್ಣು ಮುಚ್ಚಿದ. ಮತ್ತೊಂದು ಗುಟುಕು ಕುಡಿದ. "ಬೆಲ್ಲ ಅಲ್ಲ," ಎಂದ. "ಸಕ್ಕರೆನೂ ಅಲ್ಲ. ಏನೇ ಇದು? ಒಳಗೆ ಏನಾರ ಮಡಗಿದ್ದೀಯಾ?"

ಅವನೇ ಎದ್ದು ಕೊಳವೆಗೆ ಬರೀ ತಣ್ಣೀರು ಬಿಟ್ಟ. ಬಿಡುತ್ತಾ ಹೋದಂತೆ ಇಳಿದದ್ದು ಸಪ್ಪೆ ನೀರು. ಮತ್ತೆ ಮತ್ತೆ ಗಂಜಿ ತಿಳಿ ಹಾಯಿಸಿದ. ಸಿಹಿ! ನೀರು ಹಾಕಿದ, ಸಪ್ಪೆ. ಗಂಜಿ ಹಾಕಿದ, ಸಿಹಿ. ಇದ್ದಿಲು ಕಪ್ಪಗೆ ಹಾಗೆಯೇ ಕೂತಿತ್ತು, ಒಂದು ಚೂರೂ ಸವೆದಿರಲಿಲ್ಲ. ಇಷ್ಟು ವರ್ಷ ಸಿಹಿಯನ್ನೇ ತೂಗಿ ಮಾರಿದ ಮನುಷ್ಯ ಬಾಯಿ ಬಿಟ್ಟುಕೊಂಡು ಆ ಕೊಳವೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತುಬಿಟ್ಟ.

"ಇದೂ ಬಿಸಿನೀರಲ್ಲೇ ಬಿದ್ದಿತ್ತು, ಅಪ್ಪಾಜಿ," ಎಂದಳು ಪುಟ್ಟಬಸಮ್ಮ. ಅವಳ ಧ್ವನಿ ಅವಳಿಗೇ ಹೊಸದಾಗಿ ಕೇಳಿಸಿತು. "ಸೀಸೆಲಿ ಬಿಡಿಯಾಗಿದ್ದದ್ದು ಸತ್ತೋಯ್ತು. ಇದು ಇದ್ದಿಲ ಹಿಡ್ಕೊಂಡಿತ್ತು, ಅರೆಜೀವ ಆದ್ರೂ ಉಳ್ಕತು. ಮೇಷ್ಟ್ರೂ ಇಷ್ಟು ನಂಬಿರ್ನಿಲ್ಲ. ಅಜ್ಜಿ ಬೇಯಿಸ್ದೆ ಇದ್ರೆ ನಮಗೂ ಗೊತ್ತಾಯ್ತಿರ್ನಿಲ್ಲ."

ಶಿವರುದ್ರಮ್ಮ ಬಾಗಿ ಕೊಳವೆಯನ್ನು ನೋಡಿದಳು. "ಶಿವನೇ," ಎಂದು ಹಣೆಯ ವಿಭೂತಿ ಮುಟ್ಟಿಕೊಂಡಳು. ಮೈಸೂರು ಎಂದರೆ ಉರಿದುಬೀಳುತ್ತಿದ್ದವಳು ಅವಳೇ, ಅಲ್ಲಿ ಬಿಟ್ಟ ಹೆಣ್ಣು ಕೈತಪ್ಪಿ ಹೋಗುತ್ತದೆ ಎಂದು. ಈಗ ಮೊಮ್ಮಗಳ ಬೆನ್ನ ಮೇಲೆ ಕೈಯಿಟ್ಟಳು.

ಚಿಕ್ಕಮಲ್ಲಪ್ಪ ಕೊಳವೆಯನ್ನು ಎರಡೂ ಕೈಯಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಮಗಳ ಕೈಗೆ ಕೊಟ್ಟ.

"ನನ್ ಹಳೇ ಪಂಚೆ ಐತೆ ನೋಡು, ಅದ್ರಲ್ಲಿ ಭದ್ರವಾಗಿ ಸುತ್ಕೊ. ಬಸ್ಸು ಎತ್ತಾಕ್ತದೆ, ಒಡೆದೋದೀತು."

"ಯಾವ ಬಸ್ಸು, ಅಪ್ಪಾಜಿ?"

"ಮೈಸೂರ್ ಬಸ್ಸು ಕಣಮ್ಮಿ! ಇನ್ಯಾವ್ದು?" ಎಂದು ಗದರಿದವನು ಲೋಟದ ತಳದಲ್ಲಿ ಉಳಿದ ತೊಟ್ಟನ್ನು ನಾಲಗೆಗೆ ಬಿಟ್ಟುಕೊಂಡ.