ಕೈಗಂಟು ಕಂಡ ಪೇಟೆ

ನಾನೊಂದು ಮೊಬೈಲ್ ಆ್ಯಪ್. ಹೆಸರು ಕೈಗಂಟು. ಮುಟ್ಟಲು ಮೈಯಿಲ್ಲದಿದ್ದರೂ ನನಗೂ ಒಂದು ಹುಟ್ಟೂರಿದೆ. ಹುಬ್ಬಳ್ಳಿಯ ವಿದ್ಯಾನಗರದ ಕಂಪ್ಯೂಟರ್ ತರಬೇತಿ ಕೇಂದ್ರವೊಂದರಲ್ಲಿ ಪಾಠ ಹೇಳುತ್ತಿದ್ದ ಮಾಲಿನಿ ಇಟಗಿ ನನ್ನನ್ನು ರೂಪಿಸಿದಳು. ಮನೆಖರ್ಚಿನ ಲೆಕ್ಕ ಇಡುವ ಆ್ಯಪ್‌ಗಳು ಪೇಟೆಯಲ್ಲಿ ಆಗಲೇ ಬೇಕಾದಷ್ಟಿದ್ದವು. ಆದರೆ ಅವನ್ನು ಬಳಸಲು ಇಂಗ್ಲಿಷ್ ಓದಲು ಬರಬೇಕಿತ್ತು. ಮಾಲಿನಿ ಊಟಕ್ಕೆ ಹೋಗುತ್ತಿದ್ದ ಖಾನಾವಳಿಯ ನೀಲವ್ವ ಒಂದು ಮಧ್ಯಾಹ್ನ ರೊಟ್ಟಿ ಬಡಿಸುತ್ತ ಕೇಳಿದಳು:

"ಅಕ್ಕಾರ, ನನಗ ಬರಿಯಾಕ ಬರೂದಿಲ್ಲ. ನಾ ಮಾತಾಡಿದ್ರ ಲೆಕ್ಕ ಇಟ್ಕೊಳ್ಳೂವಂಥಾದ್ದು ಏನರ ಐತೇನ್ರಿ?"

ಆ ಮಾತು ಮಾಲಿನಿಯ ತಲೆಯಲ್ಲಿ ಕೂತಿತು. ಹಾಗಾಗಿ ನನಗೆ ಮೊದಲು ಬಂದದ್ದು ಕಿವಿ. ಅಂಕಿಗಳು ಬಂದದ್ದು ಆಮೇಲೆ.

ಮೊದಲ ವರ್ಷ ನನ್ನನ್ನು ಕೇಳುವವರೇ ಇರಲಿಲ್ಲ. ಪತ್ರಿಕೆಯೊಂದರಲ್ಲಿ ಸಣ್ಣ ಸುದ್ದಿ ಬಂತು, ಅಲ್ಲಿಂದ ನನ್ನ ನಸೀಬು ತಿರುಗಿತು. ಜನ ಸಾಲುಸಾಲಾಗಿ ನನ್ನನ್ನು ತಮ್ಮ ಫೋನಿಗೆ ಇಳಿಸಿಕೊಂಡರು. ಈ ಪೇಟೆಯ ಒಂದು ಗುಣ ನನಗೆ ಆಗ ತಿಳಿಯಿತು. ಹೊಸ ವರ್ಷ ಬಂದರೆ ಎಲ್ಲರಿಗೂ ಉಳಿತಾಯದ ಹುರುಪು. ಜನವರಿಯಲ್ಲಿ ನಾನು ಎಲ್ಲರ ಕಣ್ಮಣಿ. ಯುಗಾದಿಗೆ ಹೊಸ ಬಟ್ಟೆ ಕೊಳ್ಳುವ ಹೊತ್ತಿಗೆ ಅರ್ಧಕ್ಕರ್ಧ ಮಂದಿ ನನ್ನನ್ನು ಅಳಿಸಿಹಾಕುತ್ತಿದ್ದರು. ಸಿಟ್ಟು ಬರುತ್ತಿರಲಿಲ್ಲ. ತನ್ನ ಖರ್ಚನ್ನು ತಾನೇ ನೋಡಿಕೊಳ್ಳಲು ಎದೆಗಾರಿಕೆ ಬೇಕು. ಒಂದೇ ವಾರ ನೋಡಿಕೊಂಡರೂ ದೊಡ್ಡದೇ.

ನೀಲವ್ವ ಮಾತ್ರ ಬಿಡಲಿಲ್ಲ. ಒಲೆಯ ಮುಂದೆ ಕೂತೇ, "ಜ್ವಾಳ ತಂದೆ, ಎಣ್ಣಿ ತಂದೆ" ಎಂದು ನನಗೆ ಹೇಳುತ್ತಿದ್ದಳು. ಹಾಗೆ ಉಳಿಸಿದ ದುಡ್ಡಿನಲ್ಲಿ ಓಣಿಯ ಹೆಂಗಸರ ಜೊತೆ ಗೋಕರ್ಣಕ್ಕೆ ಹೋಗಿ, ಜೀವನದಲ್ಲಿ ಮೊದಲ ಸಲ ಸಮುದ್ರ ನೋಡಿದಳು.

ಅಷ್ಟರಲ್ಲಿ ಪೇಟೆ ಬದಲಾಯಿತು. ಹಣ ಕಳಿಸುವ ದೊಡ್ಡ ಆ್ಯಪ್‌ಗಳೇ ಖರ್ಚಿನ ಲೆಕ್ಕವನ್ನೂ ಪುಕ್ಕಟೆ ತೋರಿಸತೊಡಗಿದವು. ಮಾಲಿನಿ ವರ್ಷಕ್ಕಿಷ್ಟು ಎಂದು ಚಂದಾ ಇಟ್ಟು ನೋಡಿದಳು, ಕೊಟ್ಟವರು ಬೆರಳೆಣಿಕೆಯವರು. ಸರ್ವರಿನ ಬಾಡಿಗೆ ಕಟ್ಟಲಾಗದೆ, ಕೊನೆಗೆ ನನ್ನನ್ನು ಪುಣೆಯ ಕಂಪನಿಯೊಂದಕ್ಕೆ ಮಾರಿದಳು. ಅದರ ಒಡೆಯ ಬೆಳಗಾವಿಯಲ್ಲಿ ಬೆಳೆದ ರಾನಡೆ. ಹುಬ್ಬಳ್ಳಿಯಿಂದಲೇ ನನ್ನನ್ನು ನೋಡಿಕೊಳ್ಳುವ ಕೆಲಸಕ್ಕೆ ಮಾಲಿನಿಯನ್ನೇ ಇಟ್ಟುಕೊಂಡರು.

ರಾನಡೆಯವರ ಮೇಜಿನ ಮೇಲಿನ ಪರದೆಯಲ್ಲಿ ನಾನು ಗಳಿಕೆ ತೋರಿಸುವ ಒಂದು ಗೆರೆ. ಗೆರೆ ಏರಿದರೆ ಚಹಾ, ಇಳಿದರೆ ಮೀಟಿಂಗು. ಇಳಿಯುತ್ತಲೇ ಹೋದಾಗ, ಅವರ ಹುಡುಗರು ಮಾಲಿನಿಗೆ ಹೇಳದೆಯೇ ನನ್ನೊಳಗೆ ಸಾಲದ ಜಾಹೀರಾತು ತುಂಬಿದರು.

ನೀಲವ್ವ ಫೋನು ಹಿಡಿದು ಮಾಲಿನಿಯ ಮನೆಗೇ ಬಂದಳು. "ಅಕ್ಕಾರ, ಇದಕ್ಕ ಏನಾತ್ರಿ? ಉಳ್ಳಾಗಡ್ಡಿ ತಂದೆ ಅಂದ್ರ ಸಾಲಾ ತಗೋ ಅಂತೈತಿ! ಬಾಜೂಮನಿ ರೇಣವ್ವ ಅದನ್ನ ಒತ್ತಿ ಸಾಲಾ ತಗೊಂಡೇಬಿಟ್ಟಾಳ. ಈಗ ದಿನಾ ಬಡ್ಡಿ ಕಟ್ಟು ಅಂತ ಫೋನ್ ಬರಾಕತ್ತಾವ."

ಮಾಲಿನಿ ಆ ವಾರವೇ ಪುಣೆಗೆ ಹೋದಳು.

"ಸರ್, ಅದನ್ನ ತೆಗೀರಿ. ಇಲ್ಲಾಂದ್ರ ನನ್ನನ್ನ ತೆಗೀರಿ."

ರಾನಡೆ ಗೆರೆ ತೋರಿಸಿದರು. "ತೆಗದ್ರ ಇದನ್ನ ನಡಸೂದು ಹೆಂಗ? ಪುಕ್ಕಟೆ ಕೇಳೋರು ಲಕ್ಷ ಮಂದಿ, ರೊಕ್ಕ ಕೊಡೋರು ಯಾರದಾರ?"

"ನಡಸಬ್ಯಾಡ್ರಿ. ಮುಚ್ಚಿಬಿಡ್ರಿ. ಆದರ ಮಂದಿಗೆ ಕೇಡು ಮಾಡಿಸಬ್ಯಾಡ್ರಿ."

ರಾನಡೆ ಗೆರೆಯನ್ನು ಬದಿಗಿಟ್ಟು, ಸಾಲ ಕೊಟ್ಟ ಕಂಪನಿಗೆ ಫೋನು ಹಚ್ಚಿದರು. ತಿಂಗಳೊಳಗೆ ಜಾಹೀರಾತು ಹೋಯಿತು, ರೇಣವ್ವನ ಬಡ್ಡಿ ಮನ್ನಾ ಆಯಿತು, ಆ್ಯಪ್ ಅಂಗಡಿಯ ಪಟ್ಟಿಯಿಂದ ನನ್ನ ಹೆಸರೂ ಇಳಿಯಿತು. ಹೇಗೂ ಬೆಲೆಯಿಲ್ಲದ್ದು ಎಂದು ರಾನಡೆ ನನ್ನನ್ನು ಮಾಲಿನಿಗೇ ಬಿಟ್ಟುಕೊಟ್ಟರು. ಕೆಲಸ ಮಾತ್ರ ಉಳಿಯಲಿಲ್ಲ. ಅವಳು ಮತ್ತೆ ಪಾಠಕ್ಕೆ ಹೋದಳು, ರಜೆಯಲ್ಲಿ ಕೂತು ನನ್ನ ಹೊರೆಯನ್ನೆಲ್ಲ ಇಳಿಸಿದಳು. ಈಗ ನನಗೆ ಸರ್ವರಿಲ್ಲ, ಚಂದಾ ಇಲ್ಲ. ಯಾರ ಫೋನಿನಲ್ಲಿರುವೆನೋ ಅವರ ಮಾತು ಅಲ್ಲೇ ಉಳಿಯುತ್ತದೆ.

ನನಗೀಗ ವಯಸ್ಸಾಯಿತು. ಹೊಸ ಫೋನುಗಳು ನನ್ನನ್ನು ಒಳಗೆ ಬಿಡುವುದಿಲ್ಲ. ಮೊನ್ನೆ ನೀಲವ್ವನಿಗೆ ಮಗಳು ಹೊಸ ಫೋನು ಕೊಡಿಸಿದಳು. ಆದರೂ ನಾನಿರುವ ಹಳೆಯದು ಒಲೆಯ ಪಕ್ಕದ ಗೂಡಿನಲ್ಲೇ ಇದೆ. ಊಟಕ್ಕೆ ಬಂದ ಮಾಲಿನಿ ಅದನ್ನು ಕಂಡು ನಕ್ಕಳು.

"ಇನ್ನೂ ಯಾಕ ಇಟ್ಕೊಂಡೀರಿ ನೀಲವ್ವ? ಇದಕ್ಕಿಂತ ಛಲೋವು ಬಂದಾವಲ್ಲ."

"ಬಂದಾವ್ರಿ. ಅವು ಬಾಯಿ ಬಿಟ್ರ ಅದು ತಗೋ, ಇದು ತಗೋ ಅಂತಾವ. ಇದು ಸುಮ್ಮ ಕೇಳ್ಕೋತ ಕುಂದರತೈತಿ."

ಲಕ್ಷ ಜನ ಇಳಿಸಿಕೊಂಡ ದಿನ ಯಾರೂ ನನಗೆ ಇಂಥ ಮಾತು ಹೇಳಿರಲಿಲ್ಲ. ನೀಲವ್ವ ಹಿಟ್ಟಿನ ಕೈ ಒರೆಸಿಕೊಂಡು ಗೂಡಿನತ್ತ ಬಾಗಿದಳು. "ಇವತ್ತ ಮಾಲಿನಿ ಅಕ್ಕಾರ ಉಂಡಾರ. ರೊಕ್ಕ ತಗೊಳ್ಳಂಗಿಲ್ಲ."

ಲೆಕ್ಕದಲ್ಲಿ ಹಾಗೆಯೇ ಇಟ್ಟುಕೊಂಡೆ.