ಹೊಟ್ಟೆ ಬಂದ ಗೋಡೆ

ಡಾಕ್ಟರ್ ಪೂರ್ಣಿಮಾ ಗುರುಪುತ್ರಪ್ಪನ ಎಡಗಣ್ಣಿಗೆ ಕಪ್ಪು ಮುಚ್ಚಳ ಹಿಡಿದು, ಚೌಕಳಿ ಗೆರೆಗಳ ಕಾಗದ ತೋರಿಸಿದರು. "ಗೆರಿ ಹೆಂಗ ಕಾಣತಾವ್ರಿ?"

"ಹೊಟ್ಟಿ ಬಂದಾವ್ರಿ. ನಡುವ ಉಬ್ಬ್ಯಾವು."

ಹತ್ತನೆಯ ದಿನದ ಕರೆಂಟ್ ಆಗಷ್ಟೇ ಮುಗಿದಿತ್ತು. ಜಾಲರಿಯ ಮುಖವಾಡ ಬಿಗಿದ ಗುರುತು ಹಣೆಯ ಮೇಲೆ ಇನ್ನೂ ಇತ್ತು. ರೇಡಿಯೇಷನ್ನಿಗೆ ಖಾನಾಪುರದ ಅವರ ಓಣಿಯಲ್ಲಿ ಕರೆಂಟ್ ಎಂದೇ ಹೆಸರು. ಅದನ್ನು ಕ್ಯಾನ್ಸರಿನವರಿಗಷ್ಟೇ ಕೊಡುತ್ತಾರೆಂದು ತಿಳಿದಿದ್ದ ಹೆಂಡತಿ ಶಿವಲಿಂಗವ್ವ ಮೊದಲೆರಡು ದಿನ ಅತ್ತಿದ್ದಳು. ಇದು ಬಲಗಣ್ಣಿನೊಳಗಿನ ಬರೀ ರಕ್ತನಾಳಗಳ ಗಂಟು, ಕ್ಯಾನ್ಸರ್ ಅಲ್ಲ, ಆದರೆ ಅದರಿಂದ ನೀರು ಜಿನುಗಿ ಕಣ್ಣಿನ ಪರದೆಯನ್ನು ಎತ್ತಿದೆ ಎಂದು ಡಾಕ್ಟರು ಮೂರು ಸಲ ಹೇಳಿದ ಮೇಲೆ ಸುಮ್ಮನಾಗಿದ್ದಳು.

"ಇನ್ನ ನೀರು ಆರಾಕ ಎರಡ-ಮೂರ ತಿಂಗಳ ಬೇಕ್ರಿ. ಆಮ್ಯಾಲ ನೆಟ್ಟಗ ಕಾಣಬಹುದು. ಡೊಂಕ ಕಾಣಾಕ ಹತ್ತಿ ಎಷ್ಟ ದಿನಾ ಆತು?"

"ಮಂಜಾಗಿ ನಾಕ ತಿಂಗಳ ಆತ್ರಿ."

"ಮಂಜಿನಕಿಂತಾ ಮದಲ ಡೊಂಕ ಕಂಡಿರತೈತಿ. ವರ್ಷಾನೂ ಆಗಿರಬಹುದು. ಎರಡೂ ಕಣ್ಣ ತೆರದಾಗ ಗೊತ್ತಾಗೂದಿಲ್ಲ. ದಿನಾ ಒಂದ ಕಣ್ಣ ಮುಚ್ಚಿ ಯಾರ ನೋಡತಾರ್ರಿ?"

ಗುರುಪುತ್ರಪ್ಪ ಗೋಡೆ ಕಟ್ಟುವ ಗೌಂಡಿ. ಮೂವತ್ತು ವರ್ಷ ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದಲೇ ಗೋಡೆ ನೋಡಿದವನು.

ಊರಿಗೆ ಮರಳುವ ಖಾನಾಪುರದ ಬಸ್ಸಿನಲ್ಲಿ ಶಿವಲಿಂಗವ್ವ, "ಡಾಕ್ಟರ್ ಮೇಡಂ ಚಲೋ ಸುದ್ದಿ ಹೇಳ್ಯಾರ. ನಿಮ್ಮ ಮಾರಿ ಯಾಕ ಹಿಂಗ?" ಎಂದಳು.

"ಆ ಗ್ವಾಡಿ ನೆಟ್ಟಗ ಇತ್ತು."

"ಯಾವುದು?"

"ಮಹಾಂತೇಶ ನಗರದ್ದು. ಇಸಾಕ ಕಟ್ಟಿದ್ದು."

ಇಸಾಕ ಇಪ್ಪತ್ತೆರಡು ವರ್ಷ ಅವನ ಜೋಡಿ ಕೆಲಸ ಮಾಡಿದ್ದ. ಕಳೆದ ವರ್ಷ ಅವನೆಬ್ಬಿಸಿದ ಕಂಪೌಂಡ್ ಗೋಡೆಯ ತುದಿಗೆ ನಿಂತು ನೋಡಿದ ಗುರುಪುತ್ರಪ್ಪ, ಹೊಟ್ಟೆ ಬಂದಿದೆ, ಕೆಡವು ಎಂದಿದ್ದ. ಇಸಾಕ ದಾರ ಎಳೆದು ತೋರಿಸಿದರೆ, "ನಿನ್ನ ದಾರಾನೂ ಡೊಂಕ ಐತಲೇ" ಎಂದಿದ್ದ. ಆಳುಗಳೆಲ್ಲ ನಕ್ಕಿದ್ದರು. ಇಸಾಕ ತಾನೇ ಗೋಡೆ ಕೆಡವಿ, ಗಾರೆ ಮೆತ್ತುವ ಕರಣಿ ತೊಳೆದು ಚೀಲಕ್ಕೆ ಹಾಕಿಕೊಂಡು ಹೋದವನು ತಿರುಗಿ ಬಂದಿರಲಿಲ್ಲ.

"ಮಚ್ಛ್ಯಾಗ ಫ್ಯಾಕ್ಟರಿ ಕಂಪೌಂಡ ಕಟ್ಟಾಕತ್ತಾನಂತ. ಅವನ ಹೇಣ್ತಿ ರಾಜಬೀ ಸಂತ್ಯಾಗ ಹೇಳಿದ್ಲು" ಎಂದಳು ಶಿವಲಿಂಗವ್ವ.

ಗುರುಪುತ್ರಪ್ಪ ಕಿಟಕಿಯ ಕಡೆ ಮುಖ ಮಾಡಿದ. ದಾರಿಯಲ್ಲಿ ಮಚ್ಛೆ ಬಂದಾಗ ಅವಳೇ ಮೊದಲು ಎದ್ದಳು. "ಏಳ್ರಿ. ಹತ್ತ ದಿನಾ ಮಷೀನ್ ಕೆಳಗ ಮಲಗೂ ಧೈರ್ಯ ಇತ್ತು, ಬಸ್ ಇಳಿಯಾಕ ಇಲ್ಲೇನು?"

ಫ್ಯಾಕ್ಟರಿಯ ಹತ್ತಿರ ಇಸಾಕ ಅಟ್ಟಣಿಗೆಯ ಮೇಲಿದ್ದ. ನೋಡಿಯೂ ಇಳಿಯಲಿಲ್ಲ. "ಬರ್ರಿ ಅಣ್ಣಾರ. ಇದನ್ನೂ ಕೆಡವಬೇಕೇನು?"

"ನನ್ನ ಕಣ್ಣ ಕೆಟ್ಟಿತ್ತೋ ಇಸಾಕ. ಆವತ್ತ ನಿನ್ನ ಗ್ವಾಡಿ ನೆಟ್ಟಗ ಇತ್ತು." ಗಂಟು, ನೀರು, ಕರೆಂಟ್ ಎಲ್ಲವನ್ನೂ ಕೆಳಗೆ ನಿಂತೇ ಹೇಳಿದ. ಇಸಾಕ ಇಟ್ಟಿಗೆಯ ಸಂದಿಯ ಗಾರೆ ಹೆರೆಯುತ್ತಲೇ ಇದ್ದ.

"ಬೈಯೂದ ಮಂದಿ ಮುಂದ. ಇದನ್ನ ಮಾತ್ರ ನನ್ನೊಬ್ಬನ ಮುಂದ ಹೇಳತೀರಿ?"

ಗುರುಪುತ್ರಪ್ಪ ಗಾರೆ ಕಲಸುತ್ತಿದ್ದ ಆಳುಗಳ ಕಡೆ ತಿರುಗಿದ. "ಕೇಳ್ರೆಪಾ ಇಲ್ಲೆ. ಇವ ಕಟ್ಟಿದ್ದ ನೆಟ್ಟಾನ ಗ್ವಾಡಿ ನಾ ಕೆಡವಿಸಿದ್ನಿ. ಡೊಂಕ ಇದ್ದದ್ದು ನನ್ನ ಕಣ್ಣು."

ಅವರು ಏನೂ ತಿಳಿಯದೆ ಮುಖ ಮುಖ ನೋಡಿಕೊಂಡರು. ಒಬ್ಬ ಮಾತ್ರ ಸುಮ್ಮನೆ ತಲೆಯಾಡಿಸಿದ.

ಇಸಾಕ ಕೆಳಗಿಳಿದ. "ಬಂದೀರಿ ಅಂದಮ್ಯಾಲ ಇದನ್ನೊಂದೀಟ ನೋಡಿ ಹೇಳ್ರಿ."

ಗುರುಪುತ್ರಪ್ಪ ಗೋಡೆಯ ತುದಿಗೆ ಹೋಗಿ ನಿಂತ. ಎಡಗಣ್ಣು ತಾನಾಗಿಯೇ ಮುಚ್ಚಿತು. "ಹೊಟ್ಟಿ ಬಂದಂಗ ಕಾಣತೈತೋ" ಎಂದ ಮೆತ್ತಗೆ.

"ಎಡಗಣ್ಣೀಲೆ ನೋಡ್ರಿ."

ಬಲಗಣ್ಣನ್ನಷ್ಟೇ ಮುಚ್ಚಲು ಹೋದರೆ ಎರಡೂ ಮುಚ್ಚುತ್ತಿದ್ದವು. ಎರಡು ಸಲ ಹಾಗೇ ಆಯಿತು. ಶಿವಲಿಂಗವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು.

ಇಸಾಕ ಬಕೆಟ್ಟಿನಲ್ಲಿ ಕೈ ತೊಳೆದು, ಅಂಗಿಗೆ ಒರೆಸಿಕೊಂಡು ಬಂದ. ಅವನ ಹಿಂದೆ ನಿಂತು, ಇನ್ನೂ ತಂಪಿದ್ದ ಅಂಗೈಯನ್ನು ಬಲಗಣ್ಣಿಗೆ ಒತ್ತದಂತೆ ಮರೆ ಹಿಡಿದ.

"ಈಗ?"

ಗುರುಪುತ್ರಪ್ಪ ಬಹಳ ಹೊತ್ತು ನೋಡಿದ. ಇಟ್ಟಿಗೆಯ ಸಾಲು ಈ ತುದಿಯಿಂದ ಆ ತುದಿಯವರೆಗೆ ನೆಟ್ಟಗೆ ಓಡಿತ್ತು. ಇಸಾಕ ಕೈ ತೆಗೆಯಲಿಲ್ಲ. ಕಲಸಿದ ಗಾರೆ ಬಿಗಿಯತೊಡಗಿತ್ತು. ಆಳೊಬ್ಬ ಅದಕ್ಕೆ ಸ್ವಲ್ಪ ನೀರು ಚಿಮುಕಿಸಿ, ಸಲಿಕೆಗೆ ಒರಗಿ ಕಾಯುತ್ತ ನಿಂತ.